ಬೆಲ್ಟ್ ಲೋಡನ್ನು ಹಿಡಿಯುವುದಿಲ್ಲ, ಒತ್ತುತ್ತದೆ

(ರಸ್ತೆ ಸುರಕ್ಷತಾ ಮಾಸದಲ್ಲಿ ದಾವಣಗೆರೆಯ ಎಪಿಎಂಸಿ ಯಾರ್ಡ್‌ನಲ್ಲಿ ಸೇರಿದ್ದ ಗೂಡ್ಸ್ ಗಾಡಿ ಚಾಲಕರು, ಕ್ಲೀನರ್‌ಗಳು, ಹಮಾಲರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಮೈಕ್ ಹಿಡಿದು ಅಭ್ಯಾಸ ಇಲ್ಲ. ಸ್ಟೀರಿಂಗ್ ಹಿಡಿದು 22 ವರ್ಷ ಆಯಿತು. ಆದ್ದರಿಂದ ಮಾತು ಸ್ವಲ್ಪ ಅತ್ತಿತ್ತ ಹೋದರೆ ಹಾರ್ನ್ ಹೊಡೆಯಿರಿ, ಪಕ್ಕಕ್ಕೆ ತಗೊಳ್ಳುತ್ತೇನೆ.

ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಸೀಟಿನ ಕೆಳಗೆ ಈಗ ರ್‍ಯಾಚೆಟ್ ಬೆಲ್ಟ್, ಅಂದರೆ ಹ್ಯಾಂಡಲ್ ಆಡಿಸಿ ಬಿಗಿಯುವ ಪಟ್ಟಿ, ಬಂದಿದೆ. ಹತ್ತು ಹದಿನೈದು ವರ್ಷದ ಹಿಂದೆ ಎಲ್ಲ ಹಗ್ಗವೇ. ಬೆಲ್ಟ್ ಬಂದದ್ದು ಒಳ್ಳೆಯದೇ. ಆದರೆ ಬೆಲ್ಟ್ ಜೊತೆಗೆ ಒಂದು ಧೈರ್ಯವೂ ಬಂತು. ‘ಐದು ಟನ್ ಬೆಲ್ಟ್ ಹಾಕಿದ್ದೀನಿ, ಇನ್ನೇನು’ ಅನ್ನುವ ಧೈರ್ಯ. ಇವತ್ತು ನಾನು ಮಾತಾಡುವುದು ಆ ಧೈರ್ಯದ ಬಗ್ಗೆ.

ಮೊದಲು ನನ್ನದೇ ತಪ್ಪಿನ ಕಥೆ ಹೇಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಹರಿಹರದಿಂದ ಬೆಳಗಾವಿಗೆ ಕಬ್ಬಿಣ ಕಡೆಯುವ ಒಂದು ಹಳೇ ಲೇತ್ ಮಷೀನ್ ಬಾಡಿಗೆ ಸಿಕ್ಕಿತು. ಒಂದು ಟನ್ ಹತ್ತಿರ ತೂಕ. ಗಾಡಿ ಟಾಟಾ 407, ಸಣ್ಣ ಲಾರಿ. ಕ್ರೇನಿನವನು ಮಷೀನ್ ತಂದು ಬಾಡಿಯ ನಡುವೆ ಇಳಿಸಿದ. ಕ್ಯಾಬಿನ್ನಿಗೂ ಮಷೀನಿಗೂ ನಡುವೆ ಎರಡು ಅಡಿ ಜಾಗ ಉಳಿಯಿತು. ಇನ್ನೊಂದು ಸಲ ಎತ್ತಿ ಮುಂದಕ್ಕೆ ಇಡು ಅಂತ ಹೇಳಬಹುದಿತ್ತು. ಅವನಿಗೆ ಅವಸರ, ನನಗೆ ಸಂಕೋಚ. ಆ ವಾರವಷ್ಟೇ ಕೊಂಡಿದ್ದ ಹೊಸ ಬೆಲ್ಟ್ ಇತ್ತು. ಮೇಲಿನಿಂದ ಹಾಕಿ ಟಕ ಟಕ ಬಿಗಿದೆ. ಕೈಯಲ್ಲಿ ತಟ್ಟಿ ನೋಡಿದರೆ ತಂತಿ ಮೀಟಿದ ಹಾಗೆ ಸದ್ದು. ನಾನು ಖುಷಿಯಾಗಿ ಹೊರಟೆ.

ಹುಬ್ಬಳ್ಳಿ ಧಾರವಾಡ ಬೈಪಾಸ್ ಆಗ ಹೇಗಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಆಚೆ ಈಚೆ ಅಗಲದ ಹೈವೇ, ನಡುವೆ ಈ ಒಂದು ತುಂಡು ಮಾತ್ರ ಎರಡೇ ಲೇನ್. ಎದುರಿಗೆ ಒಂದು ಗಾಡಿ ಓವರ್‌ಟೇಕ್‌ಗೆ ಬಂತು. ನಾನು ಬ್ರೇಕ್ ತುಳಿದೆ. ಗಾಡಿ ನಿಂತಿತು. ಲೇತ್ ನಿಲ್ಲಲಿಲ್ಲ.

ಇಳಿದು ನೋಡಿದರೆ ಕ್ಯಾಬಿನ್ ಹಿಂಭಾಗ ಒಳಗೆ ಬಗ್ಗಿದೆ, ಹಿಂದಿನ ಗಾಜು ಪುಡಿ. ಕ್ಲೀನರ್ ಸೀಟಲ್ಲಿ ನಮ್ಮ ಅಕ್ಕನ ಮಗ ಕೂತಿದ್ದ, ಭುಜಕ್ಕೆ ಗಾಜು ಹೊಕ್ಕಿತ್ತು. ಇವತ್ತು ಅವನದೇ ಗಾಡಿ ಇದೆ, ಅಗೋ ಮುಂದಿನ ಸಾಲಲ್ಲೇ ಕೂತು ನಗುತ್ತಿದ್ದಾನೆ. ಅವತ್ತು ನಗಲಿಲ್ಲ.

ಈಗ ಕೇಳಿ. ಬೆಲ್ಟ್ ಹರಿದಿರಲಿಲ್ಲ. ಹುಕ್ ಕಿತ್ತಿರಲಿಲ್ಲ. ರ್‍ಯಾಚೆಟ್ ಬಿಚ್ಚಿರಲಿಲ್ಲ. ಬೆಲ್ಟ್ ಮುಂದಕ್ಕೆ ವಾಲಿಕೊಂಡು ಹಾಗೇ ಇತ್ತು, ಮಷೀನ್ ಅದರ ಕೆಳಗಿನಿಂದ ಜಾರಿ ಹೋಗಿತ್ತು. ನನಗೆ ಇದು ಎಷ್ಟೋ ದಿನ ಅರ್ಥವೇ ಆಗಲಿಲ್ಲ. ಐದು ಟನ್ ತಡೆಯುವ ಬೆಲ್ಟ್ ಒಂದು ಟನ್ ಮಷೀನನ್ನು ಯಾಕೆ ಬಿಟ್ಟಿತು?

ಅದಕ್ಕೆ ಇವತ್ತು ಒಂದು ಹಲಗೆ ತಂದಿದ್ದೇನೆ. ಮೂರು ಅಡಿ ಉದ್ದ, ಗಾಡಿ ಫ್ಲೋರಿಗೆ ಹಾಕುವಂಥದ್ದೇ. ಇದು ಐದು ಕೆಜಿಯ ಕಬ್ಬಿಣದ ತೂಕದ ಕಲ್ಲು, ಪರಿಚಯದ ಅಂಗಡಿಯಿಂದ ಎರವಲು. ಕಲ್ಲನ್ನು ಹಲಗೆ ಮೇಲೆ ಇಟ್ಟು ಒಂದು ತುದಿ ನಿಧಾನಕ್ಕೆ ಎತ್ತುತ್ತೇನೆ. ತಮ್ಮಾ, ನೀನು ಟೇಪ್ ಹಿಡಿ. ಎಷ್ಟು ಇಂಚಿಗೆ ಜಾರಿತು? ಹತ್ತೂವರೆ. ಸರಿ. ಈಗ ಕಲ್ಲಿನ ಕೆಳಗೆ ಒಂದು ರಬ್ಬರ್ ತುಂಡು ಇಟ್ಟು ಎತ್ತುತ್ತೇನೆ. ಹತ್ತು ದಾಟಿತು, ಹದಿನೈದು ದಾಟಿತು, ಈಗ ಜಾರಿತು, ಹದಿನೆಂಟು. ಕೊನೆಗೆ ಒಂದು ತಗಡಿನ ಚೂರು ಇಟ್ಟು ಅದಕ್ಕೆ ಎಣ್ಣೆ ಸವರುತ್ತೇನೆ. ನೋಡಿ, ನಾಲ್ಕು ಇಂಚಿಗೇ ಹೊರಟಿತು.

ಹಲಗೆ ಎತ್ತುವುದಕ್ಕೂ ಬ್ರೇಕ್ ಹಾಕುವುದಕ್ಕೂ ಏನು ಸಂಬಂಧ ಅಂದರೆ, ಲೋಡಿನ ಪಾಲಿಗೆ ಎರಡೂ ಒಂದೇ. ಜೋರು ಬ್ರೇಕ್ ತುಳಿದಾಗ ಲೋಡು ತನ್ನ ತೂಕದ 80 ಪರ್ಸೆಂಟ್ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಯುರೋಪು, ಅಮೆರಿಕದ ಲೋಡ್ ಕಟ್ಟುವ ನಿಯಮಗಳು ಇಟ್ಟುಕೊಂಡಿರುವ ಲೆಕ್ಕ ಇದು. ಮುಂದಕ್ಕೆ 80, ಪಕ್ಕಕ್ಕೆ 50, ಹಿಂದಕ್ಕೆ 50. ಈ ಹಲಗೆಯಲ್ಲಿ ಆ 80 ಪರ್ಸೆಂಟ್ ಅಂದರೆ ಇಪ್ಪತ್ತೆರಡೂವರೆ ಇಂಚು. ಅಂದರೆ ಏನನ್ನೂ ಕಟ್ಟದೆ ಬರೀ ಇಟ್ಟ ಲೋಡು, ರಬ್ಬರ್ ಮೇಲೆ ಇದ್ದರೂ, ಜೋರು ಬ್ರೇಕಿಗೆ ನಿಲ್ಲುವುದಿಲ್ಲ. ಆದರೆ ರಬ್ಬರ್ ಮೇಲಿನದು ನಿಲ್ಲುವುದಕ್ಕೆ ಹತ್ತಿರ ಬರುತ್ತದೆ. ಎಣ್ಣೆ ಮೇಲಿನದು ಹತ್ತಿರಕ್ಕೂ ಬರುವುದಿಲ್ಲ. ನನ್ನ ಲೇತಿನ ಗೇರ್ ಬಾಕ್ಸಿನಿಂದ ಎಣ್ಣೆ ಸೋರಿ ತಗಡಿನ ಫ್ಲೋರ್ ಪೂರ್ತಿ ಹರಡಿತ್ತು. ನಾನು ಅದನ್ನು ನೋಡಿದ್ದೆ. ‘ಇಳಿಸಿದ ಮೇಲೆ ತೊಳೆದರಾಯಿತು’ ಅಂದುಕೊಂಡಿದ್ದೆ.

ಈಗ ಬೆಲ್ಟಿಗೆ ಬರೋಣ. ಒಳ್ಳೆಯ ಬೆಲ್ಟಿಗೆ ಒಂದು ಚೀಟಿ ಹೊಲಿದಿರುತ್ತಾರೆ. ನೀಲಿ ಬಣ್ಣದ್ದಾದರೆ ಪಾಲಿಯೆಸ್ಟರ್, ಹಸಿರಾದರೆ ನೈಲಾನ್. ನಮ್ಮಲ್ಲಿ ಎಷ್ಟೋ ಜನ ಅದು ಗಾಳಿಗೆ ಪಟಪಟ ಅನ್ನುತ್ತದೆ ಅಂತ ಮೊದಲ ದಿನವೇ ಬ್ಲೇಡಿನಲ್ಲಿ ಕತ್ತರಿಸಿ ಬಿಸಾಡುತ್ತೇವೆ. ನಾನೂ ಮಾಡಿದ್ದೇನೆ. ಅದು ಬೆಲ್ಟಿನ ಆಧಾರ್ ಕಾರ್ಡ್ ಸ್ವಾಮಿ, ಬಿಸಾಡಬೇಡಿ. ಅದರ ಮೇಲೆ ಎರಡು ಮುಖ್ಯ ನಂಬರ್ ಇರುತ್ತವೆ. ಒಂದು ಎಲ್‌ಸಿ. ಎರಡು ಇಂಚು ಅಗಲದ ಸಾಮಾನ್ಯ ಬೆಲ್ಟಿನಲ್ಲಿ ಅದು 2500 ಡಿಎಎನ್ ಅಂತ ಇರುತ್ತದೆ. ಒಂದು ಡಿಎಎನ್ ಅಂದರೆ ಹೆಚ್ಚುಕಡಿಮೆ ಒಂದು ಕೆಜಿ ಭಾರ ಅಂತ ಇಟ್ಟುಕೊಳ್ಳಿ. ನೇರ ಎಳೆದಾಗ ಆ ಬೆಲ್ಟ್ ಸುರಕ್ಷಿತವಾಗಿ ತಡೆಯುವುದು ಎರಡೂವರೆ ಟನ್. ಅಂಗಡಿಯವನು ಹೇಳುವ ‘ಐದು ಟನ್’ ಅದು ಹರಿದು ಹೋಗುವ ಲೆಕ್ಕ, ಇಲ್ಲವೇ ಸುತ್ತಿ ಎರಡು ಎಳೆ ಮಾಡಿದಾಗಿನ ಲೆಕ್ಕ.

ಇನ್ನೊಂದು ನಂಬರ್ ಎಸ್‌ಟಿಎಫ್. ಇದನ್ನು ಯಾರೂ ನೋಡುವುದಿಲ್ಲ, ನಮಗೆ ಬೇಕಾದದ್ದು ಇದೇ. ಹ್ಯಾಂಡಲನ್ನು ಒಬ್ಬ ಮನುಷ್ಯ 50 ಕೆಜಿ ಬಲ ಹಾಕಿ ಎಳೆದರೆ ಬೆಲ್ಟಿನಲ್ಲಿ ಎಷ್ಟು ಬಿಗಿ ನಿಲ್ಲುತ್ತದೆ ಅಂತ ಅದು ಹೇಳುತ್ತದೆ. ಸಾಮಾನ್ಯ ಗಿಡ್ಡ ಹ್ಯಾಂಡಲಿನ ರ್‍ಯಾಚೆಟ್‌ಗೆ 300, 350 ಇರುತ್ತದೆ. ಉದ್ದ ಹ್ಯಾಂಡಲಿನದಾದರೆ 500.

ಲೆಕ್ಕ ಹಾಕೋಣ, ಬೇಜಾರು ಮಾಡಿಕೊಳ್ಳಬೇಡಿ, ಬಾಡಿಗೆ ಲೆಕ್ಕಕ್ಕಿಂತ ಸುಲಭ. ಒಂದು ಟನ್ನಿನ ಪೆಟ್ಟಿಗೆ ಮರದ ಫ್ಲೋರ್ ಮೇಲಿದೆ. ಬ್ರೇಕ್ ಹಾಕಿದಾಗ ಅದು 800 ಕೆಜಿ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಹಲಗೆ ಮೇಲೆ ಕಲ್ಲು ಹತ್ತೂವರೆ ಇಂಚಿಗೆ ಜಾರಿತಲ್ಲ, ಆ ಮರದ ಹಿಡಿತ 30 ಪರ್ಸೆಂಟ್ ಅಂದರೆ ಫ್ಲೋರ್ ತಡೆಯುವುದು 300 ಕೆಜಿ. ಇನ್ನು 500 ಕಡಿಮೆ ಬಿತ್ತು. ಮೇಲಿನಿಂದ ಒಂದು ಬೆಲ್ಟ್ ಹಾಕಿದೆವು. ಅದು ಎರಡೂ ಪಕ್ಕದಲ್ಲಿ 300, 300 ಒತ್ತುತ್ತದೆ, ಒಟ್ಟು 600. ಆದರೆ ಒತ್ತುವುದು ಕೆಳಕ್ಕೆ, ನಮಗೆ ತಡೆಯಬೇಕಾದದ್ದು ಮುಂದಕ್ಕೆ ಹೋಗುವುದನ್ನು. ಆ 600ರಲ್ಲಿ ಫ್ಲೋರ್ ಹಿಡಿತಕ್ಕೆ ಸಿಗುವುದು ಮತ್ತೆ 30 ಪರ್ಸೆಂಟ್. ಅಂದರೆ 180 ಕೆಜಿ.

ಐದು ಟನ್ ಅಂತ ಕೊಂಡ ಬೆಲ್ಟ್ ಮಾಡಿದ ಕೆಲಸ 180 ಕೆಜಿ!

500 ತುಂಬಬೇಕಾದರೆ ಮೂರು ಬೆಲ್ಟ್ ಬೇಕು, ಕೈಯಲ್ಲಿ ಸ್ವಲ್ಪ ಉಳಿಯಲಿ ಅಂದರೆ ನಾಲ್ಕು. ಅದೇ ಪೆಟ್ಟಿಗೆ ಕೆಳಗೆ ರಬ್ಬರ್ ಮ್ಯಾಟ್ ಇದ್ದರೆ ಹಿಡಿತ 60 ಪರ್ಸೆಂಟ್, ಫ್ಲೋರೇ 600 ತಡೆಯುತ್ತದೆ, ಕಡಿಮೆ ಬೀಳುವುದು 200, ಒಂದೊಂದು ಬೆಲ್ಟ್ 360 ಕೊಡುತ್ತದೆ. ಲೆಕ್ಕಕ್ಕೆ ಒಂದೇ ಸಾಕು, ಆದರೆ ಎರಡು ಹಾಕಿ. ಒಂದೇ ಹಾಕಿದರೆ ಲೋಡು ಅದರ ಸುತ್ತ ತಿರುಗಿಬಿಡುತ್ತದೆ. ಇನ್ನು ನನ್ನ ಎಣ್ಣೆ ಫ್ಲೋರಿನ ಲೆಕ್ಕ. ಹಿಡಿತ 10 ಪರ್ಸೆಂಟ್. ಕಡಿಮೆ ಬಿದ್ದದ್ದು 700. ಬೆಲ್ಟ್ ಕೊಟ್ಟದ್ದು 60. ಹನ್ನೆರಡು ಬೆಲ್ಟ್ ಬೇಕಿತ್ತು, ನಾನು ಹಾಕಿದ್ದು ಒಂದು.

ಬೆಲ್ಟಿಗೆ ಖರ್ಚು ಮಾಡುವ ಮೊದಲು ಪೊರಕೆಗೆ, ಒಂದು ಹಿಡಿ ಬಟ್ಟೆ ಚೂರಿಗೆ, ರಬ್ಬರಿಗೆ ಖರ್ಚು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಮಣ್ಣು, ಜೋಳದ ಕಾಳು, ಎಣ್ಣೆ, ನೀರು ಎಲ್ಲ ಗುಡಿಸಿ ಒರೆಸಿ. ಲೋಡಿಗೆಂದೇ ಮಾಡಿದ ರಬ್ಬರ್ ಮ್ಯಾಟ್ ಸಿಗುತ್ತದೆ. ಆ 60 ಪರ್ಸೆಂಟ್ ಅದಕ್ಕೆ ಹೇಳಿದ ನಂಬರ್. ಹಳೇ ಟ್ಯೂಬ್ ತುಂಡು ಅಷ್ಟು ಕೊಡುತ್ತದೆ ಅಂತ ಬರೆದುಕೊಡಲಾರೆ, ಏನೂ ಇಲ್ಲದ್ದಕ್ಕಿಂತ ಖಂಡಿತ ಮೇಲು.

ಇನ್ನೊಂದು, ಆ ಎರಡು ಅಡಿ ಜಾಗ. ಆ ಎಣ್ಣೆ ಫ್ಲೋರ್ ಮೇಲೆ, ಬೆಲ್ಟ್ ಲೆಕ್ಕಕ್ಕೆ ತಗೊಳ್ಳದೆ ನೋಡಿದರೆ, ಎರಡು ಅಡಿ ಜಾರುವಷ್ಟರಲ್ಲಿ ಮಷೀನಿಗೆ ಗಂಟೆಗೆ ಹತ್ತು ಕಿಲೋಮೀಟರ್ ವೇಗ ಬಂದಿರುತ್ತದೆ. ಒಂದು ಟನ್ ಕಬ್ಬಿಣ ಹತ್ತರ ಸ್ಪೀಡಲ್ಲಿ ನಿಮ್ಮ ಬೆನ್ನಿಗೆ ಬಂದು ಗುದ್ದಿತು ಅಂದುಕೊಳ್ಳಿ. ಹಿಂದಿನ ಡಾಲಾ, ಅಂದರೆ ಬಾಡಿಯ ಹಿಂಬಾಗಿಲ ಹತ್ತಿರ ಇಟ್ಟಿದ್ದು ಹತ್ತು ಅಡಿ ಜಾರಿದರೆ ಇಪ್ಪತ್ತು ದಾಟುತ್ತದೆ. ಲೋಡು ಮುಂದಿನ ತಡೆಗೆ ತಾಗಿಕೊಂಡೇ ಇದ್ದರೆ ಓಡುವುದಕ್ಕೆ ಜಾಗವೇ ಇಲ್ಲ. ಹಾಗೆ ಇಡಲು ಆಗದಿದ್ದರೆ, ಆಕ್ಸಲ್ ಮೇಲೆ ತೂಕ ಸರಿಯಾಗಿ ಕೂರಲಿ ಅಂತ ಹಿಂದಿಟ್ಟಿದ್ದರೆ, ನಡುವೆ ಮರದ ದಿಮ್ಮಿ ಅಡ್ಡ ಇಡಿ. ಬೆಲ್ಟಿನ ಅರ್ಧ ಕೆಲಸ ದಿಮ್ಮಿಯೇ ಮಾಡುತ್ತದೆ. ಮಷೀನಿನಂಥ ಎತ್ತರದ ಮಾಲು ಜಾರುವುದಷ್ಟೇ ಅಲ್ಲ, ಮಗುಚುತ್ತದೆ ಕೂಡ. ಲೇತ್‌ಗೆ ಹೆಡ್ ಇರುವ ಕಡೆ ಭಾರ ಜಾಸ್ತಿ, ಕಾಲು ಕಿರಿದು. ಅದಕ್ಕೆ ಮೇಲಿನಿಂದ ಒತ್ತುವ ಬೆಲ್ಟ್ ಸಾಲದು, ನಾಲ್ಕು ಮೂಲೆಯಿಂದ ಓರೆಯಾಗಿ ಎಳೆದು ಕಟ್ಟಬೇಕು. ಹಾಗೆ ಎಳೆದು ಕಟ್ಟಿದಾಗ ಮಾತ್ರ ಚೀಟಿಯ ಆ ದೊಡ್ಡ ನಂಬರ್ ಎಲ್‌ಸಿ ಕೆಲಸಕ್ಕೆ ಬರುತ್ತದೆ. ಪವರ್ ಟಿಲ್ಲರ್, ಟ್ರ್ಯಾಕ್ಟರ್, ಜನರೇಟರ್ ಎಲ್ಲಕ್ಕೂ ಇದೇ ದಾರಿ.

ಬೆಲ್ಟಿನ ಓರೆಯೂ ನೋಡಬೇಕು. ಎತ್ತರದ ಪೆಟ್ಟಿಗೆ ಮೇಲೆ ಬೆಲ್ಟ್ ನೇರ ಕೆಳಗೆ ಇಳಿದರೆ ಪೂರ್ತಿ ಒತ್ತುತ್ತದೆ. ಮಾಲು ಗಿಡ್ಡ, ಗಾಡಿ ಅಗಲ ಆದಾಗ ಬೆಲ್ಟ್ ಮಲಗಿಬಿಡುತ್ತದೆ. ಫ್ಲೋರಿನಿಂದ 30 ಡಿಗ್ರಿಯಷ್ಟೇ ಎದ್ದಿರುವ ಹಾಗೆ ಮಲಗಿದರೆ ಒತ್ತುವ ಬಲ ಅರ್ಧಕ್ಕೆ ಅರ್ಧ ಹೋಯಿತು. ಆಗ 180 ಅಂದದ್ದು 90.

ಈಗ ಬಿಗಿಯುವ ಕೆಲಸ. ಎಲ್ಲರಿಗೂ ಗೊತ್ತು ಅಂತೀರಿ. ಒಬ್ಬರು ಬಂದು ಮಾಡಿ ತೋರಿಸಿ. ಬಾ ತಮ್ಮಾ.

ನೋಡಿ, ಇವನು ಹ್ಯಾಂಡಲ್ ತೆರೆದ. ನಡುವಿನ ಸೀಳು ಕಂಬಿಯಲ್ಲಿ ಬೆಲ್ಟಿನ ತುದಿ ತೂರಿಸಿದ. ಸರಿ. ತಕ್ಷಣ ಹ್ಯಾಂಡಲ್ ಆಡಿಸಲು ಶುರು ಮಾಡಿದ. ಇಲ್ಲೇ ತಪ್ಪು. ಸಡಿಲನ್ನೆಲ್ಲ ರ್‍ಯಾಚೆಟ್ ಕೈಲಿ ಎಳೆಸುತ್ತಿದ್ದಾನೆ. ಮೊದಲು ಕೈಯಲ್ಲೇ ಎಳೆದು ಸಡಿಲು ಪೂರ್ತಿ ತೆಗೆಯಬೇಕು, ಆಮೇಲೆ ಹ್ಯಾಂಡಲ್. ಕಂಬಿ ಮೇಲೆ ಕಡಿಮೆ ಅಂದರೂ ಒಂದೂವರೆ, ಎರಡು ಸುತ್ತು ಬರಬೇಕು, ಇಲ್ಲದಿದ್ದರೆ ಬೆಲ್ಟ್ ಜಾರುತ್ತದೆ. ಮೂರು ಸುತ್ತು ದಾಟಬಾರದು. ಸುತ್ತು ದಪ್ಪ ಆದಷ್ಟೂ ಅದೇ ಕೈಬಲಕ್ಕೆ ಬಿಗಿ ಕಡಿಮೆ ಸಿಗುತ್ತದೆ, ಕೊನೆಗೆ ಸಿಕ್ಕಿಹಾಕಿಕೊಂಡು ಬಿಚ್ಚಲೂ ಆಗುವುದಿಲ್ಲ. ಬೆಲ್ಟ್ ಕಂಬಿಯ ನಡುವೆ ಸರಿಯಾಗಿ ಕೂತಿದೆಯಾ ನೋಡಿ. ಒಂದು ಪಕ್ಕಕ್ಕೆ ಸರಿದರೆ ಅಂಚು ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಕೊನೆಗೆ ಹ್ಯಾಂಡಲ್ ಪೂರ್ತಿ ಮಲಗಿಸಿ, ಟಕ್ ಅಂತ ಲಾಕ್ ಕೂತ ಸದ್ದು ಕೇಳಬೇಕು. ಉಳಿದ ಬಾಲವನ್ನು ಸುತ್ತಿ ಸಿಕ್ಕಿಸಿ, ಅದು ಚಕ್ರಕ್ಕೆ ಸುತ್ತಿಕೊಂಡರೆ ಇನ್ನೊಂದು ಕಥೆ.

ಹ್ಯಾಂಡಲಿಗೆ ಪೈಪ್ ತೂರಿಸಿ ಎಳೆಯುವವರು ಕೈ ಎತ್ತಿ. ಪರವಾಗಿಲ್ಲ, ಬೈಯುವುದಿಲ್ಲ. ರ್‍ಯಾಚೆಟ್ ಮಾಡಿರುವುದು ಮನುಷ್ಯನ ಕೈಬಲಕ್ಕೆ. ಪೈಪ್ ಹಾಕಿದರೆ ಒಳಗಿನ ಹಲ್ಲು ಸವೆಯುತ್ತದೆ, ಹೊರಗೆ ಕಾಣುವುದಿಲ್ಲ. ಮಾರನೇ ದಿನ ಹಂಪ್ ಹಾರಿದಾಗ ತಾನಾಗೇ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗಲೂ ಹುಷಾರು. ಲಾಕ್ ಎಳೆದು ಹ್ಯಾಂಡಲನ್ನು ಪೂರ್ತಿ ಹಿಂದಕ್ಕೆ ಮಲಗಿಸಿದ ಕ್ಷಣ ಇದ್ದ ಬಿಗಿಯೆಲ್ಲ ಒಂದೇ ಸಲ ಬಿಡುತ್ತದೆ. ದಾರಿಯಲ್ಲಿ ಮಾಲು ವಾಲಿ ಬೆಲ್ಟಿಗೆ ಒರಗಿದ್ದರೆ ಬಿಚ್ಚಿದವನ ಮೇಲೇ ಬರುತ್ತದೆ. ಮೊದಲು ಗಾಡಿ ಸುತ್ತ ಒಂದು ರೌಂಡ್ ಬಂದು ನೋಡಿ, ಪಕ್ಕಕ್ಕೆ ನಿಂತು ಬಿಚ್ಚಿ.

ರ್‍ಯಾಚೆಟ್ ಇರುವ ಪಕ್ಕ ಬಿಗಿ ಜಾಸ್ತಿ, ಆಚೆ ಪಕ್ಕ ಕಡಿಮೆ ಇರುತ್ತದೆ. ಮೂಲೆಗಳಲ್ಲಿ ಬೆಲ್ಟ್ ಉಜ್ಜಿ ಬಲ ಅಲ್ಲೇ ತಿಂದುಹೋಗುತ್ತದೆ. ಆದ್ದರಿಂದ ಒಂದು ರ್‍ಯಾಚೆಟ್ ಎಡಕ್ಕೆ ಬಂದರೆ ಮುಂದಿನದು ಬಲಕ್ಕೆ ಬರಲಿ. ಮೂಲೆಗೆ ಪ್ಲಾಸ್ಟಿಕ್ ಕಾರ್ನರ್ ಹಾಕಿ, ಅದು ಬೆಲ್ಟ್ ಕೊಯ್ಯುವುದನ್ನೂ ತಪ್ಪಿಸುತ್ತದೆ, ಬೆಲ್ಟ್ ಸಲೀಸಾಗಿ ಸರಿದು ಎರಡೂ ಪಕ್ಕಕ್ಕೆ ಬಿಗಿ ಹಂಚುತ್ತದೆ. ಗ್ರಾನೈಟ್, ಶಹಾಬಾದ್ ಕಲ್ಲು, ತಗಡು ಹೊರುವವರಿಗಂತೂ ಕಾರ್ನರ್ ಇಲ್ಲದೆ ಆಗುವುದೇ ಇಲ್ಲ. ಬೆಲ್ಟಿನ ದಪ್ಪಕ್ಕಿಂತ ಮೂಲೆಯ ಗುಂಡು ಸಣ್ಣದಿದ್ದರೆ ಅದನ್ನು ಚೂಪು ಅಂತಲೇ ಲೆಕ್ಕ ಮಾಡಬೇಕು. ತೋರಣಗಲ್ಲಿನಿಂದ ಸ್ಟೀಲ್ ಕಾಯಿಲ್ ತರುವವರಿಗೆ ನಾನು ಬೆಲ್ಟ್ ಪಾಠ ಹೇಳುವುದಿಲ್ಲ. ಅದು ಸರಪಳಿಯ ಕೆಲಸ.

ಹುಕ್ ಸಿಕ್ಕಿಸುವ ಜಾಗದ ಬಗ್ಗೆ ಒಂದು ಮಾತು. ನಮ್ಮ ಪಿಕಪ್‌ಗಳ ಪಕ್ಕದ ಕೊಕ್ಕೆಗಳು ಹಗ್ಗ ಕಟ್ಟಲು, ತಾಡಪಾಲು ಕಟ್ಟಲು ಇರುವಂಥವು. ಎಷ್ಟೋ ಕಡೆ ತೆಳ್ಳಗಿನ ತಗಡಿಗೆ ಎರಡು ಚುಕ್ಕಿ ವೆಲ್ಡ್ ಹೊಡೆದಿರುತ್ತಾರೆ. ಬೆಲ್ಟ್ ಎಷ್ಟೇ ಗಟ್ಟಿ ಇದ್ದರೂ ಕೊಕ್ಕೆ ಕಿತ್ತು ಬಂದರೆ ಏನು ಪ್ರಯೋಜನ? ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ ಸೇರಿದ ಕಡೆ ಹಾಕಿ. ಹುಕ್ ತುದಿಯಲ್ಲಿ ನೇತಾಡಬಾರದು, ಹೊಟ್ಟೆಯವರೆಗೆ ಒಳಗೆ ಕೂರಬೇಕು.

ಇಲ್ಲಿ ಮೆಕ್ಕೆಜೋಳದ ಚೀಲ ಹೊರುವವರೇ ಜಾಸ್ತಿ. ಚೀಲ ಅಂದರೆ ಉಸಿರಾಡುವ ಲೋಡು. ಹೊರಡುವಾಗ ಕಲ್ಲಿನ ಹಾಗೆ ಬಿಗಿ, ಚಿತ್ರದುರ್ಗ ಬರುವಷ್ಟರಲ್ಲಿ ಚೀಲಗಳು ಕುಸಿದು ಬೆಲ್ಟ್ ಜೋತು ಬಿದ್ದಿರುತ್ತದೆ. ಅಮೆರಿಕದ ನಿಯಮದಲ್ಲಿ ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ಲೋಡು ನೋಡಬೇಕು, ಆಮೇಲೆ ಮೂರು ಗಂಟೆಗೊಮ್ಮೆ ಅಥವಾ 150 ಮೈಲಿಗೊಮ್ಮೆ, ಯಾವುದು ಮೊದಲೋ ಅದು. ನಾನು ನಮ್ಮ ರಸ್ತೆಗೆ ಅದನ್ನು ‘ಮೊದಲ ಟೀ’ ಅಂತ ಮಾಡಿಕೊಂಡಿದ್ದೇನೆ. ಮೊದಲ ಟೀಗೆ ಇಳಿದಾಗ ಗ್ಲಾಸ್ ಹಿಡಿಯುವ ಮೊದಲು ಬೆಲ್ಟ್ ಹಿಡಿಯುತ್ತೇನೆ. ಒಂದೆರಡು ಹಲ್ಲು ಖಂಡಿತ ಬಿಗಿಯುತ್ತದೆ.

ಚೀಲದ ಮೇಲೆ ಜನ ಕೂರಿಸುವವರಿಗೆ ಯಾವ ಬೆಲ್ಟೂ ಸಹಾಯ ಮಾಡುವುದಿಲ್ಲ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಜೊತೆ ಹೊರಟವರ ಲಾರಿ ಯಲ್ಲಾಪುರದ ಹತ್ತಿರ ಉರುಳಿದ್ದು ನಿಮಗೆ ನೆನಪಿರಬಹುದು. ಇದರ ಬಗ್ಗೆ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ.

ದಂಡದ ಬಗ್ಗೆ ಹೇಳಿ ಅಂತ ಹಿಂದಿನಿಂದ ಚೀಟಿ ಬಂದಿದೆ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಆಯಿತು. ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚಿನ ಒಂದೊಂದು ಟನ್ನಿಗೆ 2,000. ಲೋಡು ಪಕ್ಕಕ್ಕೆ, ಹಿಂದೆ ಮುಂದೆ, ಎತ್ತರಕ್ಕೆ ಮಿತಿ ಮೀರಿ ಚಾಚಿದ್ದರೂ 20,000, ಮೇಲೆ ಇಳಿಸುವ ಖರ್ಚು ನಿಮ್ಮದೇ. ಡೀಸೆಲ್ ಟ್ಯಾಂಕ್ ಒಮ್ಮೆ ತುಂಬಿಸುವ ದುಡ್ಡಿಗೆ ನಾಲ್ಕು ಒಳ್ಳೆ ಬೆಲ್ಟ್ ಬರುತ್ತವೆ. ಲೆಕ್ಕ ನಿಮಗೇ ಬಿಟ್ಟದ್ದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು: ‘ಅಣ್ಣಾ, ಬೈಕ್ ಸಾಗಿಸುವಾಗ ಹ್ಯಾಂಡಲ್ ಹತ್ತಿರ ಬೆಲ್ಟ್ ಹಾಕಿ ಫೋರ್ಕ್ ಪೂರ್ತಿ ಕೂರಿಸಿಬಿಡಬೇಕಾ?’ ಪೂರ್ತಿ ಬೇಡ. ಫೋರ್ಕ್ ಅಂದರೆ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್, ಅದು ಅರ್ಧದಷ್ಟು ಕೂತರೆ ಸಾಕು. ಪೂರ್ತಿ ಕೂರಿಸಿದರೆ ಸೀಲ್ ಹೋಗುತ್ತದೆ. ಕೂರಿಸದೇ ಇದ್ದರೆ ಗುಂಡಿ ಬಂದಾಗ ಫೋರ್ಕ್ ಕುಗ್ಗಿ ಬೆಲ್ಟ್ ಸಡಿಲಾಗಿ ಹುಕ್ ಕಳಚಿಕೊಳ್ಳುತ್ತದೆ. ಮುಂದಿನ ಚಕ್ರ ಮುಂದಿನ ತಡೆಗೆ ತಾಗಲಿ, ಮುಂದೆ ಎರಡು ಬೆಲ್ಟ್, ಹಿಂದೆ ಎರಡು, ಗಾಡಿ ಮೊದಲ ಗೇರಿನಲ್ಲಿರಲಿ. ಸೈಡ್ ಸ್ಟ್ಯಾಂಡ್ ನಂಬಬೇಡಿ.

ಇನ್ನೊಬ್ಬರು ಗಾಳಿಗೆ ಬೆಲ್ಟ್ ಗುಂಯ್ ಅನ್ನುತ್ತದೆ, ಒಂದು ತಿರುವು ಹಾಕಬಹುದಾ ಅಂದರು. ಗಾಳಿಯಲ್ಲಿ ಬಿಡುವಾಗಿರುವ ಭಾಗಕ್ಕೆ ಅರ್ಧ ತಿರುವು ಹಾಕಿದರೆ ಸದ್ದು ನಿಲ್ಲುತ್ತದೆ, ಹಾಕುವವರು ಇದ್ದಾರೆ. ಆದರೆ ಬೆಲ್ಟ್ ತಯಾರಿಸುವವರು ತಿರುಚಬೇಡಿ ಅಂತಲೇ ಬರೆಯುತ್ತಾರೆ. ಮಾಲಿನ ಮೇಲೆ, ಮೂಲೆಯಲ್ಲಿ ಬೆಲ್ಟ್ ಚಪ್ಪಟೆಯಾಗೇ ಕೂರಬೇಕು, ಅದರಲ್ಲಿ ರಾಜಿ ಇಲ್ಲ.

ಕೊನೆಗೆ ಒಬ್ಬ ಹಿರಿಯರು ತಮ್ಮ ಗಾಡಿಗೆ ಹೋಗಿ ಒಂದು ಬೆಲ್ಟ್ ತಂದರು. ಬಿಸಿಲಿಗೆ ಬಣ್ಣ ಬಿಳಚಿಕೊಂಡಿತ್ತು. ನಡುವೆ ಅರ್ಧ ಇಂಚು ಕೊಯ್ದಿತ್ತು, ಅದಕ್ಕೊಂದು ಗಂಟು ಹಾಕಿದ್ದರು. ‘ಇದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದರೆ ನಡೆಯುತ್ತಾ?’ ಅಂದರು. ನಡೆಯುವುದಿಲ್ಲ ಅಂದೆ. ಗಂಟು ಹಾಕಿದ ಜಾಗದಲ್ಲಿ ಬೆಲ್ಟಿನ ಶಕ್ತಿ ಅರ್ಧದಷ್ಟು ಹೋಗಿರುತ್ತದೆ, ಅಂಚು ಕೊಯ್ದ ಬೆಲ್ಟ್ ಅಲ್ಲಿಂದಲೇ ಹರಿಯುತ್ತಾ ಹೋಗುತ್ತದೆ. ಸುಮ್ನೆ ಮೂಲೆಗೆ ಬಿಸಾಡಿದರೆ ನಾಳೆ ಯಾರೋ ಎತ್ತಿಕೊಂಡು ಕಟ್ಟುತ್ತಾರೆ, ಕತ್ತರಿಸಿಬಿಡಿ ಅಂದೆ. ಆ ಹಿರಿಯರು ಸ್ವಲ್ಪ ಹೊತ್ತು ಬೆಲ್ಟನ್ನೇ ನೋಡಿದರು, ‘ಏಳು ವರ್ಷ ದುಡಿದಿದೆ’ ಅಂದರು. ಆಮೇಲೆ ಜೇಬಿನಿಂದ ಚಾಕು ತೆಗೆದು ಅಲ್ಲೇ ನಾಲ್ಕು ತುಂಡು ಮಾಡಿ, ಒಂದು ತುಂಡನ್ನು ನೀರಿನ ಕ್ಯಾನ್ ಕಟ್ಟಲು ಇಟ್ಟುಕೊಂಡರು.